ರೇಸ್ ಕಾರು: ಬೆಲೆ ಕೇಳಬೇಡಿ, ಓಡಿಸುವ ಖರ್ಚು ಕೇಳಿ

ರೇಸಿಗೆ ಇಳಿಯಬೇಕೆನ್ನುವವರು ಮೊದಲು ಕೇಳುವುದು ಕಾರಿನ ಬೆಲೆ. ಆ ದುಡ್ಡು ಹೋಗುವುದು ಒಂದೇ ಸಲ. ಕಾರು ಮಾರಿದರೆ ಒಂದಿಷ್ಟು ವಾಪಸ್ಸೂ ಬರುತ್ತದೆ. ಟೈರು, ರಿಪೇರಿ, ಪ್ರವೇಶ ಶುಲ್ಕ, ಸಾಗಣೆ ಹಾಗಲ್ಲ, ಪ್ರತಿ ರೇಸಿಗೂ ಜೇಬಿಗೆ ಕೈ ಹಾಕಿಸುತ್ತವೆ. ಎಷ್ಟು ಎಂಬುದು ನೀವು ಆರಿಸುವ ಕ್ಲಾಸಿನ (ವರ್ಗದ) ಮೇಲಿದೆ.

ಎಲ್ಲಕ್ಕಿಂತ ಅಗ್ಗ ಆಟೋಕ್ರಾಸ್. ಬಯಲಿನಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ, ಒಂದೊಂದೇ ಕಾರು ಬಿಟ್ಟು ಸಮಯ ಅಳೆಯುತ್ತಾರೆ. ಹಾಗಾಗಿ ಗುದ್ದಾಟ ಕಡಿಮೆ. ಮನೆಯ ಕಾರಿನಲ್ಲೇ ಹೋಗಿ ಅದರಲ್ಲೇ ವಾಪಸ್ ಬರಬಹುದು. ವಿಮೆ ಇದೆಯಲ್ಲ ಎಂದು ಮಾತ್ರ ನಂಬಿಕೊಳ್ಳಬೇಡಿ. ನಿಮ್ಮ ಪಾಲಿಸಿಯಲ್ಲಿ ಬಳಕೆಯ ಮಿತಿಗಳನ್ನು ಓದಿ: ಸಂಘಟಿತ ರೇಸ್, ವೇಗ ಪರೀಕ್ಷೆ ಎರಡನ್ನೂ ಹೊರಗಿಟ್ಟಿರುತ್ತಾರೆ. ಕಲ್ಲು ಬಡಿದು ಎಂಜಿನ್ ಅಡಿಯ ಆಯಿಲ್ ಸಂಪ್ ಒಡೆದರೆ ಖರ್ಚು ನಿಮ್ಮದೇ.

ಇನ್ನೊಂದು, ಟೂರಿಂಗ್ ಕಾರು. ರಸ್ತೆ ಕಾರಿನ ಒಳಗಿನದ್ದೆಲ್ಲ ಕಿತ್ತು ರೋಲ್ ಕೇಜ್ (ಪಲ್ಟಿಯಾದರೆ ತಲೆ ಕಾಯುವ ಉಕ್ಕಿನ ಪಂಜರ) ಕೂರಿಸಿದ ಗಾಡಿ ಇದು. ಬಾಡಿ ನೆಗ್ಗಿದರೆ ಟಿಂಕರಿಂಗ್ ಸಾಕು. ದುಡ್ಡು ನುಂಗುವುದು ಎಂಜಿನ್. ಕ್ಯಾಮ್‌ಶಾಫ್ಟ್, ಪಿಸ್ಟನ್, ಗೇರು... ನಿಯಮ ಪುಸ್ತಕ ಏನೇನು ಬದಲಿಸಲು ಬಿಡುತ್ತದೋ ಅದನ್ನೆಲ್ಲ ಎದುರಾಳಿ ಬದಲಿಸಿರುತ್ತಾನೆ. ನೀವೂ ಬದಲಿಸಬೇಕಾಗುತ್ತದೆ.

ಎಲ್‌ಜಿಬಿ ಫಾರ್ಮುಲಾ 4 ಎಂಬ ಕ್ಲಾಸಿನಲ್ಲಿ ಆ ಪೈಪೋಟಿಗೆ ಜಾಗವಿಲ್ಲ. ಮಾರುತಿ ಸುಜುಕಿಯ 1300 ಸಿಸಿ ಎಂಜಿನ್, ಎಲ್ಲರಿಗೂ ಒಂದೇ ತರಹದ ಕಾರು. ಕೊಳ್ಳಲೇಬೇಕೆಂದಿಲ್ಲ, ತಂಡಗಳು ಬಾಡಿಗೆಗೂ ಕೊಡುತ್ತವೆ. ಚಕ್ರಗಳು ಹೊರಗಿರುವುದರಿಂದ ಪಕ್ಕದವರ ಚಕ್ರ ತಾಗಿದರೆ ಸಸ್ಪೆನ್ಷನ್ ತೋಳು ಬಾಗುತ್ತದೆ, ಅದನ್ನು ಬಡಿದು ನೆಟ್ಟಗೆ ಮಾಡುವಂತಿಲ್ಲ.

ಪೆಟ್ರೋಲ್? ಅದರ ಚಿಂತೆ ಬಿಡಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿ.ಮೀ. ಹತ್ತು ಸುತ್ತಿಗೆ 37 ಕಿ.ಮೀ. ಲೀಟರಿಗೆ ನಾಲ್ಕೇ ಕಿ.ಮೀ. ಓಡಿದರೂ ಒಂಬತ್ತು ಚಿಲ್ಲರೆ ಲೀಟರ್. ಲೀಟರಿಗೆ ₹100 ಹಿಡಿದರೂ ಸಾವಿರ ರೂಪಾಯಿ ಮುಟ್ಟುವುದಿಲ್ಲ. ಪ್ರ್ಯಾಕ್ಟೀಸ್ ಸೇರಿಸಿ ಇದನ್ನು ಮೂರು ಪಟ್ಟು ಮಾಡಿದರೂ ಟೈರಿನ ಮುಂದೆ ಅದು ಏನೂ ಅಲ್ಲ. ಒಂದು ಸೆಟ್ ಟೈರಿನ ಬೆಲೆಯನ್ನು ಅದು ಬಾಳುವ ರೇಸುಗಳಿಂದ ಭಾಗಿಸಿ, ನಿಜವಾದ ಲೆಕ್ಕ ಅಲ್ಲಿದೆ. ಸಾಗಣೆಯನ್ನೂ ಸೇರಿಸಿ. ಕೇಜ್ ಹಾಕಿದ ಕಾರನ್ನು ಬೆಂಗಳೂರಿನಿಂದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಟ್ರಕ್ಕಿನಲ್ಲೇ ಒಯ್ಯಬೇಕು.

ಕಣ್ಣಿಗೆ ಬೀಳದ ಖರ್ಚೂ ಒಂದಿದೆ. ಎಫ್‌ಐಎ (ಮೋಟಾರ್ ಕ್ರೀಡೆಯ ಜಾಗತಿಕ ಸಂಸ್ಥೆ) ಮಾನ್ಯತೆಯ ಸೀಟ್ ಬೆಲ್ಟ್‌ಗೆ ಆಯಸ್ಸು ಐದು ವರ್ಷ. ಹಳೇ ರೇಸ್ ಕಾರು ಕೊಳ್ಳುವಾಗ ಬೆಲ್ಟಿನ ಚೀಟಿಯ ಮೇಲಿನ ವರ್ಷ ನೋಡಿ.

ನನ್ನನ್ನು ಕೇಳಿದರೆ, ಮೊದಲ ವರ್ಷ ಆಟೋಕ್ರಾಸ್, ಆಮೇಲೆ ಬಾಡಿಗೆಯ ಫಾರ್ಮುಲಾ ಕಾರು. ಟೂರಿಂಗ್ ಕಾರು ಕಟ್ಟಿಸುವ ಹುಚ್ಚು, ಗ್ಯಾರೇಜ್ ಇರುವ ಗೆಳೆಯ ಸಿಗುವವರೆಗೆ ಬೇಡ. ಸ್ಪರ್ಧೆಯ ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ. ಹೊಸಬರು ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನಂಥ ಕಡೆ ವಿಚಾರಿಸಬಹುದು. ಬಾಡಿಗೆ ಕಾರಿಗೆ ಮುಂಗಡ ಕೊಡುವ ಮುನ್ನ ಮೂರು ವಿಷಯ ಬರವಣಿಗೆಯಲ್ಲಿ ಪಡೆಯಿರಿ: ಟೈರು ಯಾರದು, ಪ್ರ್ಯಾಕ್ಟೀಸ್ ಸೇರಿದೆಯೇ, ಗುದ್ದಿದರೆ ದುಡ್ಡು ಕಟ್ಟುವವರು ಯಾರು.