ಒಂದು ರಾತ್ರಿಯ ಕಿರೀಟ

ಗುಬ್ಬಿ, ಕುಣಿಗಲ್, ತುಮಕೂರಿನ ಸುತ್ತಮುತ್ತ ಪೌರಾಣಿಕ ನಾಟಕ ಆಡುವ ಊರಿಗೆ ಹಸ್ತಿನಾವತಿ ಮಧ್ಯಾಹ್ನದ ಲಾರಿಯಲ್ಲಿ ಬಂದಿಳಿಯುತ್ತದೆ. ಅರಮನೆ, ಕಾಡು, ಬೀದಿ ಬರೆದ ಪರದೆಗಳು, ದರ್ಬಾರಿನ ಸಿಂಹಾಸನ, ಕಿರೀಟ, ಭುಜಕೀರ್ತಿ, ಗದೆ, ಮೈಕು, ಲೈಟು ಎಲ್ಲವೂ ಬಾಡಿಗೆ. ಇದಕ್ಕೆಲ್ಲ ಸೇರಿ ಜನರ ಬಾಯಲ್ಲಿ ಒಂದೇ ಹೆಸರು, ಸೀನರಿ. ರಾತ್ರಿಯಿಡೀ 'ಕುರುಕ್ಷೇತ್ರ' ನಡೆದು, ಬೆಳಗಿನ ಜಾವ ದುರ್ಯೋಧನನ ತೊಡೆ ಮುರಿದ ಮೇಲೆ ಸೀನರಿ ಮತ್ತೆ ಲಾರಿ ಹತ್ತಿ ಮುಂದಿನ ಊರಿಗೆ ಹೊರಡುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿಸುವ ಹಾರ್ಮೋನಿಯಂ ಮೇಷ್ಟ್ರು, ದ್ರೌಪದಿ, ಕುಂತಿಯ ಪಾತ್ರಕ್ಕೆ ಬರುವ ಕಲಾವಿದೆಯರು ಕೂಡ ಸಂಭಾವನೆಯ ಮೇಲೆ ಬಂದವರೇ. ಊರಿನವರ ಸ್ವಂತದ್ದು ಅಂತಿರುವುದು ಗಂಟಲು ಮತ್ತು ಹುಮ್ಮಸ್ಸು.

ಖರ್ಚು ಹಂಚಿಕೊಳ್ಳುವ ಕ್ರಮವೂ ವಿಚಿತ್ರ. ಪಾತ್ರಕ್ಕೆ ಇಷ್ಟು ಎಂದು ಆಡುವವರೇ ಹಣ ಕಟ್ಟಬೇಕು. ದುರ್ಯೋಧನ, ಕೃಷ್ಣ ದುಬಾರಿ, ಸಣ್ಣಪುಟ್ಟ ಪಾತ್ರ ಅಗ್ಗ. ನಟನಿಗೆ ಸಂಬಳ ಕೊಡುವ ರಂಗಭೂಮಿ ಗೊತ್ತು. ಇಲ್ಲಿ ನಟನೇ ಕೊಡುತ್ತಾನೆ!

ಇಷ್ಟು ಆಸೆ ಇದ್ದಮೇಲೆ ಊರಿಗೊಂದು ಸೀನರಿ ಕೊಂಡುಬಿಡಬಹುದಲ್ಲ? ಕೊಂಡ ವಸ್ತುವಿನ ಖರ್ಚು ಕೊಂಡ ದಿನಕ್ಕೇ ಮುಗಿಯುವುದಿಲ್ಲ. ಮಖಮಲ್ಲಿಗೆ ಇಲಿಯ ಕಾಟ, ಜರಿ ಕಪ್ಪಾಗುತ್ತದೆ, ಪರದೆ ಮಡಿಕೆಯಲ್ಲೇ ಬಿರಿಯುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಪೆಟ್ಟಿಗೆ ಯಾರ ಮನೆಯಲ್ಲಿರಬೇಕು ಎಂಬುದು. ಮುಂದಿನ ಪಂಚಾಯ್ತಿ ಚುನಾವಣೆಯ ಹೊತ್ತಿಗೆ ಆ ಪೆಟ್ಟಿಗೆಯ ಬೀಗದ ಕೈಯೇ ಜಗಳಕ್ಕೆ ಕಾರಣವಾದೀತು. ಊರೊಟ್ಟಿನ ಹಂಡೆ, ಕೊಳಗಗಳು ಎಷ್ಟೋ ಕಡೆ ದೇವಸ್ಥಾನದಲ್ಲಿ ಉಳಿದಿವೆ ನಿಜ. ತಾಮ್ರದ ಹಂಡೆ ಒರಟು ಕೈಗಳನ್ನು ತಡೆದುಕೊಳ್ಳುತ್ತದೆ, ಭೀಷ್ಮನ ಗಡ್ಡ ತಡೆದುಕೊಳ್ಳುವುದಿಲ್ಲ.

ಇದೇ ಸೀಮೆಯಲ್ಲಿ ಎಲ್ಲವನ್ನೂ ಸ್ವಂತವಾಗಿ ಇಟ್ಟುಕೊಂಡವರೂ ಇದ್ದರು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ಹೆಸರಾದ ನಾಟಕ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿ ಊರೂರಿನಲ್ಲಿ ಮೊಕ್ಕಾಂ ಹೂಡಿ ಮತ್ತೆ ಮತ್ತೆ ಆಡುತ್ತಿತ್ತು, ಅವರ ಕಿರೀಟಕ್ಕೆ ಬಿಡುವಿರಲಿಲ್ಲ. ವರ್ಷಕ್ಕೊಮ್ಮೆ ಆಡುವ ಹಳ್ಳಿಗೆ ಆ ಲೆಕ್ಕ ಹೊಂದುವುದಿಲ್ಲ. ತುಮಕೂರು ನಗರದೊಳಗೆ ಸೇರಿಹೋದ ಮರಳೂರಿನಲ್ಲೂ ಇದೇ ಕಥೆ: ನಾಮಕರಣಕ್ಕೆ ಬೇಕಾದ ನೂರು ಕುರ್ಚಿ, ಶಾಮಿಯಾನ, ಪಾತ್ರೆಗಳನ್ನು 30-40ರ ಸೈಟಿನ ಮನೆಯವರು ಎಲ್ಲಿ ತಾನೇ ಇಟ್ಟುಕೊಂಡಾರು?

ಬಾಡಿಗೆಯ ವಸ್ತುವಿನ ಮೇಲೆ ಮಮತೆ ಹುಟ್ಟುವುದಿಲ್ಲ ಎಂಬ ಮಾತಿದೆ. ಅಮೆರಿಕದ ಬಾಸ್ಟನ್ನಿನಲ್ಲಿ ಜಿಪ್‌ಕಾರ್ ಕಂಪನಿಯ ಕಾರುಗಳನ್ನು ಸರದಿಯಲ್ಲಿ ಬಳಸುವವರನ್ನು ಫ್ಲೂರಾ ಬಾರ್ಧಿ ಮತ್ತು ಜಿಯಾನಾ ಎಕಾರ್ಟ್ ಮಾತಾಡಿಸಿ, 2012ರಲ್ಲಿ ಅಧ್ಯಯನ ಪ್ರಕಟಿಸಿದರು. ಬಳಸುವವರಿಗೆ ಕಾರು 'ನಮ್ಮದು' ಅನ್ನಿಸಿರಲಿಲ್ಲ. ಅದೇ ಕಾರನ್ನು ಬಳಸುವ ಉಳಿದವರ ನಂಟೂ ಬೇಕಿರಲಿಲ್ಲ. ಎಲ್ಲರನ್ನೂ ಹದ್ದುಬಸ್ತಿನಲ್ಲಿಡುವ ಕೆಲಸ ಕಂಪನಿಯದು ಎಂದು ಬಿಟ್ಟುಬಿಟ್ಟಿದ್ದರು. ನಮ್ಮ ದುರ್ಯೋಧನನಿಗೂ ಕಿರೀಟದ ಮೇಲೆ ಮಮತೆಯೇನಿಲ್ಲ. ಆದರೆ ಅದನ್ನು ತೊಟ್ಟು ತೆಗೆಸಿದ ಫೋಟೋ ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿರುತ್ತದೆ. ಅವನು ದುಡ್ಡು ಕೊಟ್ಟದ್ದು ಪಾತ್ರಕ್ಕೆ. ಪಾತ್ರವನ್ನು ಯಾರೂ ವಾಪಸು ಕೇಳುವುದಿಲ್ಲ.

ಹಾಗಾದರೆ ಎಲ್ಲವನ್ನೂ ಬಾಡಿಗೆಗೆ ತಂದರಾಯಿತೇ? ಇಲ್ಲೇ ಲೆಕ್ಕ ತಪ್ಪುವುದು. ಕೊಳ್ಳುವ ಮೊದಲು ವರ್ಷಕ್ಕೆ ಎಷ್ಟು ದಿನ ಬಳಸುತ್ತೇವೆ ಎಂದು ಎಲ್ಲರೂ ಎಣಿಸುತ್ತಾರೆ. ಪಕ್ಕದವರಿಗೂ ಅದೇ ದಿನ ಬೇಕೇ ಎಂದು ಕೇಳಿಕೊಳ್ಳುವವರು ಕಡಿಮೆ. ಒಂದೂರಿನ ಜಾತ್ರೆ ಇವತ್ತು, ಇನ್ನೊಂದರದು ಮುಂದಿನ ವಾರ. ಹಾಗಿರುವುದರಿಂದಲೇ ಒಂದು ಸೀನರಿ ಹತ್ತಾರು ಊರು ಸುತ್ತಿ ತನ್ನ ಬೆಲೆ ದುಡಿದುಕೊಳ್ಳುತ್ತದೆ, ಬಾಡಿಗೆಯೂ ಊರಿನ ಕೈಗೆಟಕುತ್ತದೆ. ರಾಗಿ ಹಾಗಲ್ಲ. ಒಂದು ಹದಮಳೆ ಬಿದ್ದರೆ ಕುಣಿಗಲ್ ಸೀಮೆಯ ಹೊಲಗಳೆಲ್ಲ ಒಟ್ಟಿಗೇ ಉಳುಮೆಗೆ ಬರುತ್ತವೆ, ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಎಲ್ಲರಿಗೂ ಯಂತ್ರ ಅದೇ ಸಂಜೆ ಬೇಕು. ರಾಜ್ಯ ಸರ್ಕಾರ 2014-15ರಲ್ಲಿ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರು, ರೋಟವೇಟರು, ಒಕ್ಕಣೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಸಣ್ಣ ಹಿಡುವಳಿದಾರನಿಗೆ ಒಳ್ಳೆಯ ಏರ್ಪಾಡು. ಆದರೂ ಸಾಲ ಮಾಡಿ ಟ್ರ್ಯಾಕ್ಟರ್ ಕೊಳ್ಳುವ ರೈತನನ್ನು ಆಡಂಬರದವನು ಎಂದು ಜರಿಯುವುದು ಸರಿಯಲ್ಲ. ಅವನು ತೆರುವ ಬಡ್ಡಿಯಲ್ಲಿ ಒಂದು ಪಾಲು, ಸರದಿಗೆ ಕಾಯದೆ ಇರುವುದರ ಬೆಲೆ. ನಮ್ಮ ಹಳೆಯ ಮುಯ್ಯಾಳು ಪದ್ಧತಿ ನಡೆದದ್ದೂ ಇವತ್ತು ನಿಮ್ಮ ಹೊಲ, ನಾಳೆ ನಮ್ಮದು ಎಂದು ದಿನ ಹಿಂದುಮುಂದು ಮಾಡಿಕೊಳ್ಳಲು ಬರುತ್ತಿದ್ದ ಕೆಲಸಗಳಲ್ಲೇ.

ಶಿವರಾತ್ರಿಯ ಜಾಗರಣೆಗೆ ನಾಟಕ ಇಟ್ಟುಕೊಳ್ಳುವ ಊರಿನವರು ಮಾತ್ರ ತಾಲೀಮಿಗೆ ಕೂರುವ ಮೊದಲೇ ಸೀನರಿಗೆ ಮುಂಗಡ ಕೊಟ್ಟುಬಿಡಿ; ಆ ರಾತ್ರಿ ಎಲ್ಲ ಊರಿಗೂ ಒಂದೇ.