ಹೊಟ್ಟೆಯೊಳಗೆ ಬದಲಾದ ದಾರಿ

ಕಾಮಾಲೆ ಅಂದರೆ ಮಾನ್ವಿ, ದೇವದುರ್ಗದ ಕಡೆ ಮೊದಲು ನೆಲನೆಲ್ಲಿ ರಸ, ಆಮೇಲೆ ರಾಯಚೂರಿನ ರಿಮ್ಸ್, ಕೊನೆಗೆ ಹೈದರಾಬಾದ್. ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿದರೂ ಕಣ್ಣು ಹಳದಿಯಾಗುತ್ತದೆ. ಆ ರೋಗಿ ಹಿಂದೊಮ್ಮೆ ತೂಕ ಇಳಿಸಲು ಬೈಪಾಸ್ ಮಾಡಿಸಿಕೊಂಡಿದ್ದರೆ ಲೆಕ್ಕವೇ ಬೇರೆ. ಅದರಲ್ಲಿ ಜಠರದ ಮೇಲ್ತುದಿಯನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ, ಅದಕ್ಕೆ ಸಣ್ಣಕರುಳನ್ನು ಹೊಲಿಯುತ್ತಾರೆ; ಉಳಿದ ಜಠರ ಒಳಗೇ ಇರುತ್ತದೆ, ಆದರೆ ಅನ್ನದ ಮುಖ ಕಾಣದು. ಹಾಗಾಗಿ ಬಾಯಿಂದ ಇಳಿಸುವ ಸಾಮಾನ್ಯ ಎಂಡೋಸ್ಕೋಪ್ ಪಿತ್ತನಾಳದವರೆಗೆ ತಲುಪುವುದೇ ಕಷ್ಟ. ಎಷ್ಟೋ ಸಲ ಪಕ್ಕೆಯಿಂದ ಯಕೃತ್ತಿಗೆ ಸೂಜಿ ಹಾಕಿ ಪಿತ್ತ ಹೊರತೆಗೆಯಬೇಕಾಗುತ್ತದೆ. ಮೇದೋಜೀರಕದ ತಲೆಯನ್ನು ತೆಗೆಯುವ, ಶಸ್ತ್ರಚಿಕಿತ್ಸಕ ಅಲೆನ್ ವಿಪಲ್ 1935ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ಶಸ್ತ್ರಚಿಕಿತ್ಸೆ ಇಂಥವರಿಗೂ ಸಾಧ್ಯ. ಆದರೆ ಆ ಅನಾಥ ಜಠರವನ್ನು ತೆಗೆಯಬೇಕೋ ಉಳಿಸಬೇಕೋ, ಯಾವ ಕರುಳನ್ನು ಎಲ್ಲಿಗೆ ಜೋಡಿಸಬೇಕೋ ಎಂಬುದನ್ನು ಮೊದಲೇ ಯೋಚಿಸಿರಬೇಕು.

ಅದಕ್ಕೇ ನನ್ನ ವಾದ: ಹಳೆಯ ಆಪರೇಷನ್ ನೋಟ್‌ನ ಪ್ರತಿ ಮನೆಯಲ್ಲಿರಬೇಕು. ತೂಕದ ಆಪರೇಷನ್ ದೊಡ್ಡ ಊರಿನವರ ಖಯಾಲಿ, ನಮಗೇಕೆ ಎನ್ನಬಹುದು. ಆಪರೇಷನ್ ಬೆಂಗಳೂರಲ್ಲೇ ಆಗಲಿ, ಕಾಮಾಲೆ ಕಾಣುವುದು ಊರಲ್ಲಿ. ಸ್ಕ್ಯಾನ್ ಎಲ್ಲ ಹೇಳುತ್ತದಲ್ಲ ಎಂಬ ಮಾತೂ ಅರ್ಧ ಸತ್ಯ: ಜೋಡಣೆ ಕಾಣಬಹುದು, ಅನ್ನದ ದಾರಿಯಿಂದ ಬಿಟ್ಟ ಕರುಳು ಎಷ್ಟು ಉದ್ದ ಎಂಬುದು ಖಚಿತವಾಗಿ ಸಿಗದು. ಇನ್ನು ಜಠರವನ್ನು ಬಾಳೆಕಾಯಿಯಂತೆ ಸಪೂರ ಮಾಡುವ, ಸ್ಲೀವ್ ಎಂಬ ಇನ್ನೊಂದು ತೂಕದ ಆಪರೇಷನ್‌ನಲ್ಲಿ ಎಂಡೋಸ್ಕೋಪ್‌ಗೆ ದಾರಿ ಇದ್ದೇ ಇರುತ್ತದೆ. ಜಠರಕ್ಕೂ ಗುಲ್ಮಕ್ಕೂ ನಡುವಿನ ಸಣ್ಣ ರಕ್ತನಾಳಗಳನ್ನು ಮಾತ್ರ ಆಗಲೇ ಕತ್ತರಿಸಿರುತ್ತಾರೆ. ಮುಂದೆ ಮೇದೋಜೀರಕದ ಬಾಲ ತೆಗೆಯುವಾಗ ಗುಲ್ಮದ ದೊಡ್ಡ ರಕ್ತನಾಳವನ್ನೂ ಕಟ್ಟಬೇಕಾಗಿ ಬಂದರೆ, ಗುಲ್ಮ ಉಳಿಯುವುದು ಕಷ್ಟ.