ಗುರುಮಠದ ದಿನಚರಿ: ಒಂದು ಜಾನಪದೀಯ ನೋಟ

ಕನ್ನಡ ಕಥೋಲಿಕರು ಸೆಮಿನರಿಯನ್ನು ‘ಗುರುಮಠ’ ಎಂದು ಕರೆಯುತ್ತಾರೆ. ಲ್ಯಾಟಿನ್ನಿನ ‘ಸೆಮಿನಾರಿಯುಂ’ ಎಂಬ ಮೂಲ ಪದಕ್ಕೆ ಸಸಿಮಡಿ ಎಂಬ ಅರ್ಥವಿದೆ. ಕನ್ನಡದ ಹೆಸರು ಗುರು, ಶಿಷ್ಯ, ವೈರಾಗ್ಯಗಳನ್ನು ನೆನಪಿಗೆ ತಂದರೆ, ಲ್ಯಾಟಿನ್ನಿನ ಹೆಸರು ಬೇಸಾಯಕ್ಕೆ ಸೇರಿದ್ದು. ಒಂದೆಡೆ ಮೊಳೆಸಿ, ಕಿತ್ತು, ಮತ್ತೊಂದೆಡೆ ನೆಡುವ ಕ್ರಿಯೆ ಅದರಲ್ಲಿ ಅಡಗಿದೆ. ಈ ಕೀಳುವಿಕೆ ಮತ್ತು ನೆಡುವಿಕೆ ಪಾಠದ ಕೋಣೆಗಿಂತ ಹೆಚ್ಚಾಗಿ ದಿನಚರಿಯಲ್ಲಿ ನಡೆಯುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಗುರುಗಳ ತರಬೇತಿಗೆ ಪ್ರತ್ಯೇಕ ವಸತಿ ವಿದ್ಯಾಲಯಗಳು ಇರಬೇಕೆಂಬ ವಿಧಿ 1563ರ ಟ್ರೆಂಟ್ ಮಹಾಸಭೆಯಿಂದ ಬಂದದ್ದು. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು 1879ರಲ್ಲಿ ಗುರುಮಠವನ್ನು ಆರಂಭಿಸಿದರು. ಅದು ಇಂದು ಜೆಪ್ಪುವಿನ ಸಂತ ಜೋಸೆಫರ ಗುರುಮಠವಾಗಿದೆ. ಪುದುಚೇರಿಯಲ್ಲಿದ್ದ ಸಂತ ಪೇತ್ರರ ಗುರುಮಠ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದಿತು. ಕಿರಿಯ ಗುರುಮಠ, ತತ್ತ್ವಶಾಸ್ತ್ರ, ಧರ್ಮಕೇಂದ್ರವೊಂದರಲ್ಲಿ ಅನುಭವದ ಅವಧಿ, ದೈವಶಾಸ್ತ್ರ, ಉಪಯಾಜಕ ದೀಕ್ಷೆ ಎಂಬ ಹಂತಗಳನ್ನು ದಾಟಿ ಗುರುದೀಕ್ಷೆ ಪಡೆಯುವ ವೇಳೆಗೆ, ಹದಿನೇಳು ಹದಿನೆಂಟರ ಹುಡುಗ ಮೂವತ್ತರ ಹತ್ತಿರ ಬಂದಿರುತ್ತಾನೆ.

ದಿನ ಆರಂಭವಾಗುವುದು ಗಂಟೆಯಿಂದ. ಸಾಮಾನ್ಯವಾಗಿ ಬೆಳಗಿನ ಐದು, ಐದೂವರೆಯ ಸುಮಾರಿಗೆ ಎದ್ದು, ಪ್ರಾರ್ಥನಾಲಯದಲ್ಲಿ ಕೀರ್ತನೆಗಳನ್ನು ಎರಡು ಸಾಲಿನವರು ಒಬ್ಬರಿಗೊಬ್ಬರು ಮರುನುಡಿಯುವ ಪದ್ಧತಿಯಲ್ಲಿ ಹೇಳುತ್ತಾರೆ. ಬಳಿಕ ಮೌನಧ್ಯಾನ, ಬಲಿಪೂಜೆ, ಉಪಾಹಾರ. ಮಧ್ಯಾಹ್ನದವರೆಗೆ ಪಾಠಗಳು. ಊಟದ ನಂತರ ಅಲ್ಪ ವಿಶ್ರಾಂತಿ. ಆಮೇಲೆ ತೋಟದ ಕೆಲಸ, ಅಂಗಳ ಮತ್ತು ಶೌಚಾಲಯಗಳ ಶುಚಿ, ಆಟ, ಸ್ನಾನ. ಸಂಜೆ ಓದು, ಜಪಮಾಲೆ, ಸಂಜೆಯ ಪ್ರಾರ್ಥನೆ, ಊಟ, ಸ್ವಲ್ಪ ಹೊತ್ತು ಹರಟೆ, ರಾತ್ರಿಯ ಪ್ರಾರ್ಥನೆ. ಆ ಬಳಿಕ ಮರುದಿನ ಬೆಳಗಿನವರೆಗೆ ‘ಮಹಾಮೌನ’. ಸಂಸ್ಥೆಯಿಂದ ಸಂಸ್ಥೆಗೆ ವೇಳೆ ಬದಲಾಗುತ್ತದೆ, ಚೌಕಟ್ಟು ಬಹುಮಟ್ಟಿಗೆ ಒಂದೇ.

ಗಂಟೆ ದೇವರ ದನಿ ಎಂಬ ಮಾತು ಗುರುಮಠಗಳಲ್ಲಿ ಹಳೆಯದು. ಬರೆಯುತ್ತಿರುವ ಪದ ಅರ್ಧವಾಗಿದ್ದರೂ ಗಂಟೆ ಕೇಳಿದೊಡನೆ ಲೇಖನಿ ಇಡಬೇಕು ಎಂದು ಹಿಂದಿನ ತಲೆಮಾರಿನವರಿಗೆ ಕಲಿಸುತ್ತಿದ್ದರು. ಹಳ್ಳಿಯಲ್ಲಿ ಕಾಲವನ್ನು ಹೇಳುತ್ತಿದ್ದುದು ಹೊತ್ತು, ಹಸು ಕರೆಯುವ ವೇಳೆ, ನಾಟಿ ಮತ್ತು ಕೊಯ್ಲು. ಅಲ್ಲಿಂದ ಬಂದ ಹುಡುಗನಿಗೆ ಗಂಟೆಯ ಕಾಲ ಮೊದಲ ತಿಂಗಳುಗಳಲ್ಲಿ ಮೈಗೂಡುವುದಿಲ್ಲ. ಅರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಸ್ಥಿತ್ಯಂತರದ ಆಚರಣೆಗಳಲ್ಲಿ ಬೇರ್ಪಡೆ, ನಡುಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳನ್ನು ಗುರುತಿಸಿದರು. ಬುಡಕಟ್ಟುಗಳ ದೀಕ್ಷೆಯಲ್ಲಿ ನಡುಸ್ಥಿತಿ ಕೆಲವು ದಿನ ಅಥವಾ ಕೆಲವು ತಿಂಗಳದ್ದಾದರೆ, ಇಲ್ಲಿ ಅದು ಹತ್ತು ವರ್ಷಗಳಷ್ಟು ದೀರ್ಘ. ಊರಿನವರಿಗೆ ಅವನು ‘ಬ್ರದರ್’. ಮಗನೂ ಪೂರ್ತಿ ಅಲ್ಲ, ಗುರುವೂ ಇನ್ನೂ ಅಲ್ಲ.

ಸಮಾನ ಅಂಶವೊಂದನ್ನು ಹಂಚಿಕೊಂಡ ಯಾವ ಗುಂಪೂ ‘ಜನಪದ’ವೇ ಎಂದು ಅಲನ್ ಡಂಡೆಸ್ ವಾದಿಸಿದ್ದರು. ಆ ದೃಷ್ಟಿಯಿಂದ ನೋಡಿದರೆ ಇಷ್ಟೊಂದು ನಿಯಮಗಳ ನಡುವೆಯೇ ಗುರುಮಠ ತನ್ನದೊಂದು ಜಾನಪದವನ್ನು ಬೆಳೆಸಿಕೊಂಡಿದೆ. ಅಧ್ಯಾಪಕ ಗುರುಗಳಿಗೆ ಇಟ್ಟ ಅಡ್ಡಹೆಸರುಗಳು ತಂಡದಿಂದ ತಂಡಕ್ಕೆ ಸಾಗುತ್ತವೆ. ಹೆಸರಿಗೆ ಕಾರಣವಾದ ಪ್ರಸಂಗ ಮರೆತರೂ ಹೆಸರು ಉಳಿಯುತ್ತದೆ. ವಿದ್ಯಾರ್ಥಿ ನಾಯಕನಾದ ‘ಬೀಡಲ್’, ಗಂಟೆ ಬಾರಿಸುವವನು, ಊಟದ ಕೋಣೆಯ ಉಸ್ತುವಾರಿ, ರೋಗಿಗಳನ್ನು ನೋಡಿಕೊಳ್ಳುವವನು — ಈ ಸರದಿ ಹುದ್ದೆಗಳ ಸುತ್ತ ನಗೆಹನಿಗಳು ಹುಟ್ಟುತ್ತವೆ. ಹಬ್ಬದ ದಿನದ ಕಿರುನಾಟಕದಲ್ಲಿ ರೆಕ್ಟರರ ನಡಿಗೆಯನ್ನು ಅವರೆದುರೇ ಅನುಕರಿಸಲು ಅನುಮತಿಯಿರುತ್ತದೆ. ವಿಧೇಯತೆಯನ್ನು ವ್ರತದಂತೆ ಪಾಲಿಸುವ ಸಮುದಾಯದಲ್ಲಿ ಈ ಒಂದು ಸಂಜೆಯ ಸ್ವಾತಂತ್ರ್ಯ ಸಣ್ಣದೇನಲ್ಲ. ಇಂತಹ ಸಾಮಗ್ರಿಯನ್ನು ಸಂಗ್ರಹಿಸುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಿಂದ ಆಗಬೇಕಾಗಿದೆ.

ಆದರೆ ಭಾಷೆಯ ವಿಷಯ ನಗೆಯಷ್ಟು ಹಗುರವಲ್ಲ. ಹಿಂದೆ ಲ್ಯಾಟಿನ್ ಇದ್ದ ಸ್ಥಾನದಲ್ಲಿ ಇಂದು ಹೆಚ್ಚಾಗಿ ಇಂಗ್ಲಿಷ್ ಇದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಬಲಿಪೂಜೆಯನ್ನು ದೇಶಭಾಷೆಗಳಿಗೆ ತೆರೆಯಿತು; ಹಿರಿಯ ಗುರುಮಠಗಳ ಪಾಠ ಮತ್ತು ಓದು ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿಯೇ ಉಳಿದವು. ಕನ್ನಡ, ಕೊಂಕಣಿ, ತುಳು, ತಮಿಳು, ಮಲಯಾಳಂ ಮಾತನಾಡುವವರು ಒಂದೇ ಸೂರಿನಡಿ ಇರುವಲ್ಲಿ ಇದಕ್ಕೆ ವ್ಯಾವಹಾರಿಕ ಕಾರಣವಿದೆ ಎಂಬುದನ್ನು ಒಪ್ಪಬೇಕು. ಕ್ಷೇತ್ರಕಾರ್ಯದ ವೇಳೆ ಭೇಟಿಯಾದ ಹಳೆ ಮೈಸೂರು ಭಾಗದ ವಿದ್ಯಾರ್ಥಿಯೊಬ್ಬರು, ಅಜ್ಜಿಯ ಬಾಯಿಂದ ಕಲಿತ ಸಂಜೆಯ ಪ್ರಾರ್ಥನೆಯನ್ನು ನನಗಾಗಿ ಹೇಳತೊಡಗಿ ನಡುವೆ ನಿಂತರು. ಮುಂದಿನ ಸಾಲು ಅವರಿಗೆ ಇಂಗ್ಲಿಷಿನಲ್ಲಿ ಬಂದಿತು. ಅವರು ನಕ್ಕರು, ನಂತರ ಬಹಳ ಹೊತ್ತು ಮಾತನಾಡಲಿಲ್ಲ. ಹಳ್ಳಿಯ ಧರ್ಮಕೇಂದ್ರದಲ್ಲಿ ಸಾಯುವ ಹಾಸಿಗೆಯ ಪಕ್ಕ ನಿಲ್ಲಬೇಕಾದವರು ಅವರೇ. ಅಲ್ಲಿ ಬೇಕಾಗುವುದು ಆ ಅಜ್ಜಿಯ ಸಾಲು.

ಕರಾವಳಿಯ ಕೊಂಕಣಿ ಕುಟುಂಬಗಳಲ್ಲಿ ಈ ಅಂತರ ಬೇರೆ ರೀತಿಯಲ್ಲಿ ಕಾಣುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ‘ನೊವೆಂ’ ಉಂಡು, ಸಸ್ಯಾಹಾರದ ಊಟ ಮಾಡುತ್ತಾರೆ. ಆ ವೇಳೆ ಗುರುಮಠದಲ್ಲಿ ತರಗತಿಗಳ ಕಾಲ. ವಿದ್ಯಾರ್ಥಿಗೂ ತೆನೆ ಸಿಗುತ್ತದೆ, ಹಬ್ಬದೂಟವೂ ಇರುತ್ತದೆ; ಮನೆಯ ಪಂಕ್ತಿಯಲ್ಲಿ ಮಾತ್ರ ಅವನ ಜಾಗ ವರ್ಷಗಟ್ಟಲೆ ಖಾಲಿ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗ ಹಿರಿಯ ಹೆಂಗಸರು ಹೇಳುವ ‘ವೊವಿಯೊ’ ಹಾಡುಗಳೂ ಹೀಗೆಯೇ ಅವನ ಕಿವಿ ತಪ್ಪುತ್ತವೆ. ಅಕ್ಕತಂಗಿಯರ ಮದುವೆಗೆ ರಜೆ ದೊರೆತರೂ, ಹಾಡುಗಳು ಕೂಡುವುದು ಒಂದೆರಡು ದಿನಗಳಲ್ಲಿ ಆಗುವ ಮಾತಲ್ಲ.

ಚರ್ಚಿಗೆ ಈ ಸಮಸ್ಯೆಯ ಅರಿವಿಲ್ಲವೆಂದಲ್ಲ. ಜನಸಾಮಾನ್ಯರ ಭಕ್ತಿ ಹಾಗೂ ಅಧಿಕೃತ ಆರಾಧನೆಯ ಸಂಬಂಧವನ್ನು ಕುರಿತು ವ್ಯಾಟಿಕನ್ 2001ರಲ್ಲಿ ನಿರ್ದೇಶಿಕೆಯನ್ನೇ ಹೊರಡಿಸಿತು. 2016ರ ತರಬೇತಿ ಮಾರ್ಗಸೂಚಿ ತತ್ತ್ವಶಾಸ್ತ್ರಕ್ಕೆ ಮೊದಲು ಪೂರ್ವಸಿದ್ಧತೆಯ ಹಂತವನ್ನು ಕಡ್ಡಾಯಗೊಳಿಸಿದೆ. ಆ ಹಂತದಲ್ಲಿ ವಿದ್ಯಾರ್ಥಿ ತನ್ನ ಅಜ್ಜಿಯ ಪ್ರಾರ್ಥನೆಯನ್ನು, ತನ್ನ ಊರಿನ ಹಾಡನ್ನು ಬರೆದು ತರುವಂತಾದರೆ ಗುರುಮಠಕ್ಕೂ ಜಾನಪದಕ್ಕೂ ಲಾಭ. ಇದಕ್ಕೆ ಹಣ ಬೇಡ, ದಿನಚರಿಯಲ್ಲಿ ಒಂದು ಗಂಟೆ ಸಾಕು.

ಕೊಂಕಣಿ ಮನೆಗಳಲ್ಲಿ ಸಂಜೆಯ ‘ತೇರ್ಸ್’, ಅಂದರೆ ಜಪಮಾಲೆ, ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಬೇಡುವ ರೂಢಿಯಿದೆ. ಹುಡುಗ ಗುರುಮಠಕ್ಕೆ ಹೊರಡುವ ದಿನವೂ ಹಾಗೆಯೇ ಬೇಡಿ ಹೊರಟಿರುತ್ತಾನೆ. ಗುರುದೀಕ್ಷೆಯಾದ ದಿನ ಕ್ರಮ ತಿರುಗುತ್ತದೆ. ತೈಲಲೇಪಿತವಾದ ಅವನ ಅಂಗೈಗಳನ್ನು ತಂದೆತಾಯಿ ಚುಂಬಿಸಿ, ಅವನಿಂದಲೇ ಮೊದಲ ಆಶೀರ್ವಾದ ಪಡೆಯುತ್ತಾರೆ. ಆವರೆಗೆ ಮನೆಯ ಹೆಸರಿನಿಂದ ಕೂಗುತ್ತಿದ್ದ ನೆರೆಯವರು ಅಂದಿನಿಂದ ‘ಪಾದ್ರ್ಯಾಬ್’ ಎನ್ನುತ್ತಾರೆ. ತಾಯಿ ಏನೆಂದು ಕರೆಯಬೇಕೆಂಬುದಕ್ಕೆ ನಿಯಮವಿಲ್ಲ. ಹಲವರು ಎಲ್ಲರೆದುರು ಒಂದು, ಅಡುಗೆಮನೆಯಲ್ಲಿ ಇನ್ನೊಂದು ಹೆಸರು ಹಿಡಿದು ಕರೆಯುತ್ತಾರೆ.